ಸಾಣಿಗೆಯಲ್ಲಿ ಉಳಿದ ಹೊಟ್ಟು

ಪ್ರಶ್ನೆ: ನನ್ನ ಮಗನಿಗೆ 9 ವರ್ಷ, ತೂಕ 42 ಕೆ.ಜಿ. ಅನ್ನ, ಬಿಸ್ಕತ್ತು, ಕುರುಕಲು ಬಿಟ್ಟು ಬೇರೇನೂ ಬೇಡ. ಮೆತ್ತಗಾಗಲೆಂದು ಜೋಳದ ಹಿಟ್ಟನ್ನು ಎರಡು ಸಲ ಸಾಣಿಸಿ ರೊಟ್ಟಿ ಬಡಿದರೂ ಒಲ್ಲೆ ಎನ್ನುತ್ತಾನೆ. ನಾರಿನಂಶ ಕರುಳಿನ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯದು, ಬೊಜ್ಜು ತಡೆಯುತ್ತದೆ ಎನ್ನುತ್ತಾರೆ. ನಾರಿನ ಪುಡಿ ತಂದು ಕೊಡಲೇ?
– ಓದುಗರು, ಕಲಬುರಗಿ

ಉತ್ತರ: ಪುಡಿ ಬೇಡ. ನೀವು ಅಂಗಡಿಯಲ್ಲಿ ಹುಡುಕುತ್ತಿರುವುದು ನಿಮ್ಮ ಸಾಣಿಗೆಯಲ್ಲಿ ಉಳಿದ ಹೊಟ್ಟಿನಲ್ಲೇ ಇದೆ.

ನಾರನ್ನು ಒಡೆಯುವ ಕಿಣ್ವಗಳು ನಮ್ಮಲ್ಲಿ ಇಲ್ಲದಿರುವುದರಿಂದ ಅದು ಜೀರ್ಣವಾಗದೆ ದೊಡ್ಡ ಕರುಳನ್ನು ತಲುಪುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದರ ಒಂದು ಪಾಲನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ಕರುಳಿನ ಒಳಪದರದ ಜೀವಕೋಶಗಳಿಗೆ ಇಂಧನ. ಹೊಟ್ಟೆ ತುಂಬಿತೆಂದು ಮಿದುಳಿಗೆ ತಿಳಿಸುವ ಹಾರ್ಮೋನುಗಳು ಸ್ರವಿಸುವುದಕ್ಕೂ ಈ ಆಮ್ಲಗಳು ನೆರವಾಗುತ್ತವೆ. ಬೊಜ್ಜಿನ ಇಲಿಗಳ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮಜೀವಿಗಳಿಲ್ಲದೆ ಬೆಳೆಸಿದ ಇಲಿಗಳಿಗೆ ಸೇರಿಸಿದಾಗ, ತೆಳ್ಳಗಿನ ಇಲಿಗಳ ಬ್ಯಾಕ್ಟೀರಿಯಾ ಪಡೆದವುಗಳಿಗಿಂತ ಅವುಗಳಲ್ಲಿ ಹೆಚ್ಚು ಕೊಬ್ಬು ಶೇಖರವಾದದ್ದನ್ನು 2006ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಅದು ಇಲಿಗಳ ಮಾತು. ಮಕ್ಕಳ ತೂಕದಲ್ಲಿ ಊಟ, ಆಟ, ನಿದ್ದೆ, ವಂಶಗುಣ ಎಲ್ಲವೂ ಸೇರಿರುವುದರಿಂದ ಬ್ಯಾಕ್ಟೀರಿಯಾವೊಂದನ್ನೇ ಹೊಣೆ ಮಾಡುವುದು ಸರಿಯಲ್ಲ.

ಮಗುವಿನ ವಯಸ್ಸಿಗೆ 5 ಕೂಡಿಸಿದರೆ ದಿನಕ್ಕೆ ಕನಿಷ್ಠ ಎಷ್ಟು ಗ್ರಾಂ ನಾರು ಬೇಕೆಂಬುದು ತಿಳಿಯುತ್ತದೆ ಎಂಬ ಸರಳ ಲೆಕ್ಕವಿದೆ. ನಿಮ್ಮ ಮಗನಿಗೆ 14 ಗ್ರಾಂ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದ್ದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸಾಣಿಸದ ಹಿಟ್ಟಿನ ಎರಡು ರೊಟ್ಟಿ, ಒಂದು ಬಟ್ಟಲು ಗಟ್ಟಿ ತೊಗರಿಬೇಳೆ, ಸಿಪ್ಪೆಸಹಿತ ಒಂದು ಪೇರಲ ಹಣ್ಣು ಇದ್ದರೆ ಲೆಕ್ಕ ಹೆಚ್ಚುಕಡಿಮೆ ಮುಗಿಯುತ್ತದೆ. ರೊಟ್ಟಿ ಒಲ್ಲೆ ಎನ್ನುವವನಿಗೆ ಮುಟಗಿ ಮಾಡಿ ಕೊಡಿ: ಬಿಸಿ ರೊಟ್ಟಿಯನ್ನು ಬೆಳ್ಳುಳ್ಳಿ, ಜೀರಿಗೆ, ಉಪ್ಪಿನೊಂದಿಗೆ ಕುಟ್ಟಿ, ಚೂರು ಎಣ್ಣೆ ಹಾಕಿ ಅವನ ಮುಷ್ಟಿಯಷ್ಟೇ ಉಂಡೆ ಕಟ್ಟಿದರೆ ಅಗಿಯುವ ತಕರಾರು ಅರ್ಧ ಕಡಿಮೆಯಾಗುತ್ತದೆ. ಒಂದೊಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದೊಂದು ಬಗೆಯ ನಾರು ಬೇಕು. ಎಳ್ಳಮಾವಾಸ್ಯೆಗೆ ನಾವು ಹಲವು ಕಾಳು, ಸೊಪ್ಪು, ತರಕಾರಿ ಕೂಡಿಸಿ ಮಾಡುವ ಭಜ್ಜಿ ವರ್ಷಕ್ಕೊಮ್ಮೆ ಮಾತ್ರ ಯಾಕಿರಬೇಕೋ ನನಗಂತೂ ತಿಳಿಯದು. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ನಿಧಾನವಾಗಿ ಏರಿಸಿ, ನೀರು ಹೆಚ್ಚು ಕುಡಿಸಿ.

ನೀವು ಎತ್ತರ ಬರೆದಿಲ್ಲ. 132 ಸೆಂ.ಮೀ. ಇರುವ ಹುಡುಗನ 42 ಕೆ.ಜಿ. ಬೇರೆ, 145 ಸೆಂ.ಮೀ. ಇರುವವನದು ಬೇರೆ. ಮಕ್ಕಳ ವೈದ್ಯರಲ್ಲಿ ಎತ್ತರ ಅಳೆಸಿ, ವಯಸ್ಸಿನ ಬಿಎಂಐ (ಎತ್ತರಕ್ಕೆ ತೂಕ ಹೊಂದುತ್ತದೆಯೇ ಎಂದು ನೋಡುವ ಅಳತೆ) ನಕ್ಷೆಯಲ್ಲಿ ಗುರುತು ಹಾಕಿಸಿ. ಅಲ್ಲಿಯವರೆಗೆ ಅವನನ್ನು ಉಪವಾಸ ಕೆಡವಬೇಡಿ.