ಪ್ರಬಂಧದಲ್ಲಿ ‘ವಾದ’ ಕಾಣಿಸಬೇಕಾದರೆ ಯಾವ ತಂತ್ರಗಳ ಪಟ್ಟಿ ಕಲಿಯಬೇಕು?

ಭಾಷಣವೊಂದರ ವಿಶ್ಲೇಷಣೆ ಬರೆಯಲು ಕೂತರೆ ಬರೀ ಸಾರಾಂಶ ಆಗುತ್ತದೆ, ಯಾವ ಪಟ್ಟಿ ಬಾಯಿಪಾಠ ಮಾಡಲಿ ಅಂತ ಕೇಳಿದ್ದೀರಿ. ಡಿಗ್ರಿಯಲ್ಲಿ ನಾನೂ ಅದೇ ಪಟ್ಟಿ ಹುಡುಕಿದವನು. ಪಟ್ಟಿ ಬೇಡ.

ಈಥೋಸ್ (ಮಾತಾಡುವವರ ಮೇಲಿನ ನಂಬಿಕೆ), ಪೇಥೋಸ್ (ಕೇಳುಗರ ಭಾವನೆ), ಲೋಗೋಸ್ (ತರ್ಕ): ಅರಿಸ್ಟಾಟಲನ ಈ ಮೂರು ಹೆಸರು ಹತ್ತು ನಿಮಿಷದಲ್ಲಿ ಬಾಯಿಗೆ ಬರುತ್ತವೆ. ‘ಇಲ್ಲಿ ಭಾಷಣಕಾರರು ಲೋಗೋಸ್ ಬಳಸಿದ್ದಾರೆ’ ಎಂದು ಬರೆದು ಮುಂದಕ್ಕೆ ಹೋಗುತ್ತೀರಿ. ಅಂಕ ಹೋಗುವುದು ಅಲ್ಲೇ. ತಂತ್ರಕ್ಕೆ ಹೆಸರಿಟ್ಟಿರಿ, ಅದು ಯಾರ ಮೇಲೆ ಏನು ಮಾಡಿತು ಅಂತ ಹೇಳಲಿಲ್ಲ. ಆ ವಾಕ್ಯವನ್ನು ಎತ್ತಿ ಬೇರೆ ಭಾಷಣದ ಕೆಳಗೆ ಇಟ್ಟು ನೋಡಿ. ಅಲ್ಲೂ ಹೊಂದಿದರೆ ಹೊಡೆದುಹಾಕಿ. (ಗೈಡುಗಳ ‘ಕೇಳುಗರ ಮನ ಗೆದ್ದರು’ ಎಲ್ಲ ಭಾಷಣಕ್ಕೂ ಹೊಂದುತ್ತದೆ.)

ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣ ತಗೊಳ್ಳಿ. ಎಲ್ಲರೂ ಕೊನೆಯ ಎಚ್ಚರಿಕೆಗಳಿಗೇ ಹಾರುತ್ತಾರೆ. ನೀವು ಮೊದಲಿಂದ ಪ್ಯಾರಾಗಳಿಗೆ ನಂಬರ್ ಹಾಕಿ. ಎಡ ಅಂಚಿನಲ್ಲಿ ‘ಏನು ಹೇಳುತ್ತದೆ’, ಬಲ ಅಂಚಿನಲ್ಲಿ ‘ಏನು ಮಾಡುತ್ತದೆ’, ಒಂದೊಂದೇ ಸಾಲು. ಸಂವಿಧಾನ ಬರೆಯಲು ವಿಪರೀತ ತಡವಾಯಿತು ಎಂಬ ಆರೋಪ ಆಗ ಇತ್ತು. ಅಮೆರಿಕದವರು ತಮ್ಮ ಸಂವಿಧಾನವನ್ನು 4 ತಿಂಗಳಲ್ಲಿ ಮುಗಿಸಿದರು ಎಂಬುದನ್ನು ಅಂಬೇಡ್ಕರ್ ಅವರೇ ಎತ್ತುತ್ತಾರೆ. ಆಮೇಲೆ ಅಲ್ಲಿ 7 ವಿಧಿ, ಇಲ್ಲಿ 395. ಅಲ್ಲಿನವರಿಗೆ ತಿದ್ದುಪಡಿಗಳ ಕಾಟವಿರಲಿಲ್ಲ, ಇಲ್ಲಿ 2,473 ಬಂದವು ಎನ್ನುತ್ತಾರೆ. ಎಡಗಡೆ ‘ಹೋಲಿಕೆ’ ಎಂದು ಬರೆದರೆ ಸಾಕು. ಬಲಗಡೆಯ ಸಾಲಿಗೇ ಬೆಲೆ: ‘ಎದುರಾಳಿಯ ಅಂಕಿಯನ್ನೇ ಒಪ್ಪಿಕೊಂಡು ಆರೋಪದ ಬಲ ಕಳೆಯುತ್ತದೆ.’

ನಂತರ ಕರಡಿನ ಶ್ರೇಯಸ್ಸನ್ನು ಸಂವಿಧಾನ ಸಭೆಯ ಸಲಹೆಗಾರ ಬಿ.ಎನ್. ರಾವ್, ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿ ಮುಂತಾದವರಿಗೆ ಹಂಚುತ್ತಾರೆ. ಇದು ವಿನಯವೂ ಹೌದು, ಕೆಲಸವೂ ಹೌದು: ಹೊಗಳಿಕೆ ಬಿಟ್ಟುಕೊಟ್ಟವನ ಎಚ್ಚರಿಕೆಯಲ್ಲಿ ಸ್ವಾರ್ಥ ಹುಡುಕುವುದು ಕಷ್ಟ. ವ್ಯಕ್ತಿಪೂಜೆ ಬೇಡ ಎನ್ನುವ ಎಚ್ಚರಿಕೆ ಇದಾದ ಮೇಲೆ ಬರುತ್ತದೆ. ಕ್ರಮ ತಿರುಗಿಸಿ ಓದಿ, ಎಲ್ಲಿ ಸಡಿಲವಾಗುತ್ತದೆ ಅಂತ ಗೊತ್ತಾಗುತ್ತದೆ.

ಸ್ವಂತ ಬರವಣಿಗೆಗೂ ಇದೇ. ಸಂಜೆ ಬಸ್ ಬೇಗ ಹೊರಡುತ್ತದೆ, ಲ್ಯಾಬ್ ಇದ್ದವರಿಗೆ ತಪ್ಪುತ್ತದೆ ಅಂದುಕೊಳ್ಳಿ. 150 ಪದಗಳಲ್ಲಿ ಡಿಪೋ ಮ್ಯಾನೇಜರಿಗೊಂದು ಪತ್ರ, ಮನವಿಗೆ ಸಹಿ ಹಾಕಲು ಹಿಂಜರಿಯುವ ಸಹಪಾಠಿಗಳಿಗೊಂದು ಪತ್ರ ಬರೆಯಿರಿ. ಶುರು ಮಾಡುವ ಮೊದಲು ಓದುವವರು ಈಗ ಏನು ನಂಬಿದ್ದಾರೆ, ಓದಿ ಏನು ಮಾಡಬೇಕು ಅಂತ ಮೇಲೆ ಒಂದು ಸಾಲು ಗುರುತು ಹಾಕಿ. ಮ್ಯಾನೇಜರಿಗೆ ಎಷ್ಟು ಪ್ರಯಾಣಿಕರು, ಎಷ್ಟು ನಿಮಿಷದ ಬದಲಾವಣೆ ಎಂಬುದು ಮೊದಲು ಬರಬೇಕು. ಸಹಪಾಠಿಗಳಿಗೆ ಸಹಿ ಹಾಕಿದರೆ ತೊಂದರೆಯಿಲ್ಲ ಎಂಬುದು. ಎರಡರಲ್ಲೂ ‘ಮಾನ್ಯರೇ’ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಆಗಿದ್ದರೆ, ಎರಡನೆಯದನ್ನು ಹರಿದು ಮತ್ತೆ ಬರೆಯಿರಿ.