ನೋಂದಣಿ ಮೇಜು ಬಿಟ್ಟು ತರಗತಿಗೆ ಹೋಗಿ
ಕ್ಯಾಲಿಫೋರ್ನಿಯಾದ ನಿಮ್ಮ ಕಮ್ಯುನಿಟಿ ಕಾಲೇಜಿನಲ್ಲಿ ಮತದಾರರ ನೋಂದಣಿ ಮೇಜಿಗೆ ಯಾರೂ ಬರುತ್ತಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಅಲ್ಲಿ ಬಹಳಷ್ಟು ಮಂದಿ ಕೆಲಸದಿಂದ ನೇರವಾಗಿ ಪಾಠಕ್ಕೆ ಬಂದು, ಮುಗಿದೊಡನೆ ಹೊರಟುಬಿಡುವವರು. ಮೇಜಿನ ಮುಂದೆ ನಿಲ್ಲಲು ಪುರುಸೊತ್ತಿರುವುದಿಲ್ಲ. ಅಧ್ಯಾಪಕರನ್ನು ಕೇಳಿ ತರಗತಿಯ ಮೊದಲ 10 ನಿಮಿಷ ಪಡೆಯಿರಿ, ಸಂಜೆಯ ತರಗತಿಗಳಲ್ಲಂತೂ ಖಂಡಿತ. 16, 17 ವರ್ಷದವರೂ ಮುಂಗಡವಾಗಿ ನೋಂದಾಯಿಸಿಕೊಳ್ಳಬಹುದು.

ತುಂಬಿದ ಫಾರಂ ನಿಮ್ಮ ಕೈಗೆ ಬಂದರೆ, ಶನಿವಾರ, ಭಾನುವಾರ, ಸರ್ಕಾರಿ ರಜೆ ಬಿಟ್ಟು 3 ದಿನದೊಳಗೆ ಕೌಂಟಿಯ (ಅಲ್ಲಿನ ಜಿಲ್ಲೆಯಂಥ ವಿಭಾಗದ) ಚುನಾವಣಾ ಕಚೇರಿಗೆ ತಲುಪಿಸಬೇಕು. ಸಹಿ, ಹುಟ್ಟಿದ ದಿನಾಂಕ ಬಿಟ್ಟುಹೋಗಿದೆಯೇ ಎಂದು ಅಲ್ಲೇ ನೋಡಿ.

ದಯವಿಟ್ಟು ಇದೊಂದನ್ನು ಮರೆಯಬೇಡಿ: ಎಫ್-1 (ವಿದ್ಯಾರ್ಥಿ) ವೀಸಾದವರು, ಗ್ರೀನ್ ಕಾರ್ಡ್‌ನವರು ಆ ಫಾರಂಗೆ ಸಹಿ ಹಾಕಲೇಬಾರದು. ತಿಳಿಯದೆ ಹಾಕಿದರೂ ಗಡೀಪಾರಿನ ತನಕ ಹೋಗಬಹುದು. ಹಂಚುವ ಮೊದಲೇ "ಅಮೆರಿಕದ ಪೌರರಿಗೆ ಮಾತ್ರ" ಎಂದು ಗಟ್ಟಿಯಾಗಿ ಹೇಳಿ. ಆಸಕ್ತಿಯಿರುವ ಗ್ರೀನ್ ಕಾರ್ಡ್‌ನವರು ಕ್ಯಾಲಿಫೋರ್ನಿಯಾದಲ್ಲಿ ಮತಗಟ್ಟೆ ಸಿಬ್ಬಂದಿಯಾಗಿ ದುಡಿಯಬಹುದು. ಅವರನ್ನು ಆ ಕಡೆ ಕಳಿಸಿ.