ಇಲಿಯಲ್ಲಿ ಕರಗಿದ ಗಡ್ಡೆ ಮನುಷ್ಯರಲ್ಲೂ ಕರಗೀತೇ?

ಪ್ರಶ್ನೆ: ನನ್ನ ಅತ್ತಿಗೆಗೆ 58 ವರ್ಷ. ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದ್ದು, ಪರೇಲ್‌ನಲ್ಲಿ ಚಿಕಿತ್ಸೆ ನಡೆಯುತ್ತಿದೆ. ರೋಗನಿರೋಧಕ ವ್ಯವಸ್ಥೆಯ ಎರಡು ಪ್ರೋಟೀನುಗಳನ್ನು ಒಟ್ಟಿಗೆ ಕೊಟ್ಟಾಗ ಇಲಿಗಳ ಗಡ್ಡೆ ಪೂರ್ತಿ ಕರಗಿತೆಂಬ ಸುದ್ದಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದಿದೆ. ಅದು ಮುಂಬಯಿಯಲ್ಲಿ ಸಿಗುತ್ತದೆಯೇ? ಈಗಿನ ಚಿಕಿತ್ಸೆ ನಿಲ್ಲಿಸಿ ಅದಕ್ಕಾಗಿ ಕಾಯಬಹುದೇ?
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ದಯವಿಟ್ಟು ಕಾಯಬೇಡಿ, ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಲೂ ಬೇಡಿ. ಸುದ್ದಿ ಸುಳ್ಳಿರಲಾರದು, ಆದರೆ ಇಂಥ ಫಲಿತಾಂಶ ಹೊಸದೇನೂ ಅಲ್ಲ.

ಸೈಟೊಕೈನ್ ಎಂದು ಕರೆಯುವ ಈ ಪ್ರೋಟೀನುಗಳು ತಾವೇ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಅಪರೂಪ. ರೋಗನಿರೋಧಕ ಕೋಶಗಳಿಗೆ 'ವೃದ್ಧಿಯಾಗಿ', 'ದಾಳಿ ಮಾಡಿ' ಎಂಬ ಆದೇಶವನ್ನು ಮುಟ್ಟಿಸುವುದು ಅವುಗಳ ಮುಖ್ಯ ಕೆಲಸ. ಉದಾಹರಣೆಗೆ, ಇಂಟರ್‌ಲ್ಯೂಕಿನ್-2 ಎಂಬ ಸೈಟೊಕೈನ್, ದಾಳಿ ಮಾಡುವ ರೋಗನಿರೋಧಕ ಕೋಶಗಳಾದ ಟಿ ಕೋಶಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಇಂಟರ್‌ಲ್ಯೂಕಿನ್-12 ಅದೇ ಕೋಶಗಳಿಂದ ಇಂಟರ್‌ಫೆರಾನ್-ಗಾಮಾವನ್ನು ಹೊರಡಿಸುತ್ತದೆ, ಅದರ ಮೂಲಕ ಗಡ್ಡೆಗೆ ಹೊಸ ರಕ್ತನಾಳಗಳು ಬೆಳೆಯುವುದನ್ನೂ ತಡೆಯುತ್ತದೆ. ಮೊದಲನೆಯದು ಬಂದಾಗ ಎರಡನೆಯದನ್ನು ಗುರುತಿಸುವ ಗ್ರಾಹಕಗಳು ಕೋಶದ ಮೇಲೆ ಹೆಚ್ಚುವುದರಿಂದ, ಇವೆರಡರ ಜೋಡಿ ಬರಿಯ ಕೂಡಿಕೆಗಿಂತ ಬಲವಾದ ಪರಿಣಾಮ ಬೀರುತ್ತದೆ. ಮೂತ್ರಪಿಂಡದ ಕ್ಯಾನ್ಸರ್ ಇದ್ದ ಇಲಿಗಳಲ್ಲಿ ಈ ಜೋಡಿ ಒಂಟಿ ಮದ್ದಿಗಿಂತ ಉತ್ತಮ ಫಲ ಕೊಟ್ಟದ್ದು 1996ರಷ್ಟು ಹಿಂದೆಯೇ ಪ್ರಕಟವಾಗಿದೆ.

ಹಾಗಿದ್ದರೂ ಅದು ಆಸ್ಪತ್ರೆಯ ವಾಡಿಕೆಯ ಮದ್ದಾಗಲಿಲ್ಲ. ಏಕೆಂದರೆ ಒಟ್ಟಿಗೆ ಕೊಟ್ಟಾಗ ಫಲದಂತೆಯೇ ವಿಷವೂ ಬೆಳೆಯುತ್ತದೆ. ಇಂಟರ್‌ಲ್ಯೂಕಿನ್-2 ಒಂದನ್ನೇ ಹೆಚ್ಚಿನ ಪ್ರಮಾಣದಲ್ಲಿ ಕೊಡುವುದಕ್ಕೆ ಅಮೆರಿಕದಲ್ಲಿ 1992ರಲ್ಲಿ ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೇ ಅನುಮತಿ ದೊರಕಿತು. ಆ ಪರೀಕ್ಷೆಗಳಲ್ಲಿ ಗಡ್ಡೆ ಗಣನೀಯವಾಗಿ ಕುಗ್ಗಿದ್ದು ನೂರರಲ್ಲಿ ಸುಮಾರು 15 ಮಂದಿಗೆ ಮಾತ್ರ, ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಅಪಾಯವಂತೂ ಇದ್ದೇ ಇತ್ತು. ಇಂಟರ್‌ಲ್ಯೂಕಿನ್-12ರ ಕಥೆ ಇನ್ನೂ ಕಹಿಯಾದದ್ದು. 1995ರಲ್ಲಿ ಅದನ್ನು ಪಡೆದ 17 ರೋಗಿಗಳಲ್ಲಿ 12 ಮಂದಿ ಆಸ್ಪತ್ರೆ ಸೇರಬೇಕಾಯಿತು, ಇಬ್ಬರು ತೀರಿಕೊಂಡರು. ಅದಕ್ಕೂ ಹಿಂದಿನ ಹಂತದ ಪರೀಕ್ಷೆಯಲ್ಲಿ ಮುಖ್ಯ ಚಿಕಿತ್ಸೆಗೆ ಎರಡು ವಾರ ಮೊದಲು ಒಂದು ಪರೀಕ್ಷಾ ಡೋಸ್ ಕೊಡಲಾಗುತ್ತಿತ್ತು. ಅದನ್ನು ಕೈಬಿಟ್ಟದ್ದೇ ಕಾರಣವೆಂದು ಆಮೇಲೆ ಗೊತ್ತಾಯಿತು. ಆ ಮೊದಲ ಡೋಸ್ ದೇಹವನ್ನು ಮುಂದಿನ ಡೋಸ್‌ಗಳಿಗೆ ಒಗ್ಗಿಸುತ್ತಿತ್ತೆಂದು ಇಲಿಗಳ ಮೇಲಿನ ಪ್ರಯೋಗವೂ ತೋರಿಸಿತು. ಪ್ರಮಾಣವಷ್ಟೇ ಅಲ್ಲ, ಡೋಸ್‌ಗಳ ನಡುವಿನ ಅಂತರವೂ ಪ್ರಾಣದ ಪ್ರಶ್ನೆಯೆಂಬುದನ್ನು ವೈದ್ಯಲೋಕ ಕಲಿತದ್ದು ಹೀಗೆ.

ಇಲಿಯ ಬಗೆಗೂ ಒಂದು ಮಾತು. ಪ್ರಯೋಗಾಲಯದ ಇಲಿಗಳು ಸಾಮಾನ್ಯವಾಗಿ ಎಳೆಯವು, ಒಂದೇ ತಳಿಯವು. ಚರ್ಮದಡಿ ಇಟ್ಟ ಗಡ್ಡೆ ಕೆಲವೇ ವಾರಗಳಲ್ಲಿ ಬೆಳೆದಿರುತ್ತದೆ. ನಿಮ್ಮ ಅತ್ತಿಗೆಯ ರೋಗವಾದರೋ ಬಹುಶಃ ವರ್ಷಗಟ್ಟಲೆ ಅವರ ರೋಗನಿರೋಧಕ ಶಕ್ತಿಯ ಕಣ್ತಪ್ಪಿಸಿಕೊಂಡೇ ಬೆಳೆದದ್ದು.

ಆದ್ದರಿಂದ ಈಗ ಅನೇಕ ಸಂಶೋಧಕರು ಯಾವ ಪ್ರೋಟೀನಿಗೆ ಯಾವುದನ್ನು ಸೇರಿಸಬೇಕೆಂಬುದರ ಜೊತೆಗೆ, ಅದು ಗಡ್ಡೆಯಲ್ಲೇ ಉಳಿಯುವಂತೆ ಮಾಡುವುದು ಹೇಗೆಂಬುದನ್ನೂ ಹುಡುಕುತ್ತಿದ್ದಾರೆ. ನನಗೆ ಇದೇ ಹೆಚ್ಚು ಭರವಸೆಯ ದಾರಿಯಾಗಿ ಕಾಣುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನಾಲ್ಕು ಸೈಟೊಕೈನ್‌ಗಳ ಎಂಆರ್‌ಎನ್‌ಎಯನ್ನು (ಆ ಪ್ರೋಟೀನು ತಯಾರಿಸಲು ಕೋಶಕ್ಕೆ ಸೂಚನೆ ಕೊಡುವ ಅಣುವನ್ನು) ಇಲಿಗಳ ಗಡ್ಡೆಗೇ ಚುಚ್ಚಿದಾಗ, ಚುಚ್ಚದೆ ಬಿಟ್ಟ ದೂರದ ಗಡ್ಡೆಯ ಮೇಲೂ ಪರಿಣಾಮ ಕಂಡಿತು. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರ್‌ಗೆ, ಇಂಟರ್‌ಲ್ಯೂಕಿನ್-15ರ ಕೆಲಸ ಮಾಡುವ ಮದ್ದನ್ನು ನಮಗೆಲ್ಲ ಗೊತ್ತಿರುವ ಬಿಸಿಜಿಯೊಂದಿಗೆ ಮೂತ್ರಕೋಶದೊಳಗೇ ಬಿಡಲು ಅಮೆರಿಕ 2024ರಲ್ಲಿ ಒಪ್ಪಿತು. ಇದು ನಿಮ್ಮ ಅತ್ತಿಗೆಯ ರೋಗಕ್ಕೆ ಅನ್ವಯಿಸುವುದಿಲ್ಲ.

ಮುಂಬಯಿಯ ವಿಚಾರಕ್ಕೆ ಬಂದರೆ, ಸುದ್ದಿಯಲ್ಲಿ ಹೇಳಿದ ಜೋಡಿ ಇಲ್ಲಿ ವಾಡಿಕೆಯ ಚಿಕಿತ್ಸೆಯಾಗಿ ಸಿಗುವುದಿಲ್ಲ. ಹಣ ಪಡೆದು ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ಕಾರ್-ಟಿ ಚಿಕಿತ್ಸೆಯನ್ನೂ ಜನ ಇದರೊಂದಿಗೆ ಬೆರೆಸುತ್ತಾರೆ. ರೋಗಿಯ ಟಿ ಕೋಶಗಳನ್ನೇ ಹೊರತೆಗೆದು, ಮಾರ್ಪಡಿಸಿ ಮರಳಿ ಕೊಡುವ ಅದು ಬಿ ಕೋಶಗಳ ಕೆಲವು ರಕ್ತ ಕ್ಯಾನ್ಸರ್‌ಗಳಿಗೆ ಮೀಸಲಾದದ್ದು. ಹರಡಿದ ಮೂತ್ರಪಿಂಡದ ಕ್ಯಾನ್ಸರ್‌ಗೆ ಇಂದು ಹೆಚ್ಚಾಗಿ ಬಳಸುವುದು ಟಿ ಕೋಶಗಳ ಮೇಲಿನ ತಡೆಯನ್ನು ತೆಗೆಯುವ ನಿವೊಲುಮಾಬ್, ಪೆಂಬ್ರೊಲಿಝುಮಾಬ್‌ನಂಥ ಮದ್ದುಗಳನ್ನು, ಬಹುಮಟ್ಟಿಗೆ ಇನ್ನೊಂದು ಮದ್ದಿನ ಜೊತೆಗೆ. ಅತ್ತಿಗೆಗೆ ಈಗ ಕೊಡುತ್ತಿರುವುದು ಇವುಗಳಲ್ಲಿ ಯಾವುದು, ಅವರಿಗೆ ಹೊಂದುವ ನೋಂದಾಯಿತ ಕ್ಲಿನಿಕಲ್ ಟ್ರಯಲ್ ಏನಾದರೂ ಇದೆಯೇ ಎಂದು ಮುಂದಿನ ಭೇಟಿಯಲ್ಲಿ ಅವರ ವೈದ್ಯರನ್ನೇ ಕೇಳಿ. ಹೋಗುವಾಗ ಬಯಾಪ್ಸಿ ವರದಿ ಮತ್ತು ಇತ್ತೀಚಿನ ಸ್ಕ್ಯಾನ್ ಕೈಯಲ್ಲಿರಲಿ.